ರಸ್ತೆ ದಾಟಿದ್ದು

ಹತ್ತು ಚಳಿಗಾಲ ನಾನು ಸ್ಟೀವನ್ಸ್ ಪಾಸಿಗೆ ಹೋಗಿಬಂದಿದ್ದೇನೆ. ಆ ಹತ್ತರಲ್ಲಿ ಒಂದು ಸಲವೂ ಕಾಲಿಗೆ ಸ್ಕೀ ಕಟ್ಟಿದವನಲ್ಲ. ದೇವಸ್ಥಾನದ ಹೊರಗೆ ಚಪ್ಪಲಿ ಕಾಯುವವನಿಗೂ ಒಳಗಿನ ದೇವರಿಗೂ ಇರುವ ಸಂಬಂಧವೇ ನನಗೂ ಆ ಬೆಟ್ಟಕ್ಕೂ ಇದ್ದದ್ದು.

ಮಗಳಿಗೆ ಐದು ತುಂಬಿದಾಗ ಶುರುವಾಯಿತು. ಸಿಯಾಟಲ್ ಕಡೆಯ ನಮ್ಮವರ ಮಕ್ಕಳೆಲ್ಲ ಶನಿವಾರ ಸಂಗೀತ, ಭಾನುವಾರ ಕನ್ನಡ ಕಲಿ ಎಂದು ಓಡಾಡುತ್ತಿದ್ದರೆ ನಮ್ಮದು ಮಾತ್ರ ಹಿಮ ಹಿಮ ಎಂದು ಹಟ ಹಿಡಿಯಿತು. ಸರಿ, ಬೆಳಗಿನ ಐದೂವರೆಗೆ ಬಾಥೆಲ್‌ನ ಮನೆ ಬಿಡುವುದು, ಒಂದೂವರೆ ಗಂಟೆ ಕಾರು ಓಡಿಸುವುದು, ಪಾರ್ಕಿಂಗ್ ಜಾಗದ ಹಿಮದ ಮೇಲೆ ಮಂಡಿಯೂರಿ ಆ ಪುಟ್ಟ ಬೂಟುಗಳ ನಾಲ್ಕು ನಾಲ್ಕು ಕೊಂಡಿ ಬಿಗಿಯುವುದು. ಬಿಗಿದು ಮುಗಿಯಿತು ಎನ್ನುವಾಗ, "ಅಪ್ಪ, ಸೂಸೂ." ಮತ್ತೆ ಬಿಚ್ಚುವುದು.

ತರಗತಿಗೆ ಬಿಟ್ಟ ಮೇಲೆ ನನಗೆ ಕೆಲಸವಿಲ್ಲ. ಫ್ಲಾಸ್ಕಿನ ಕಾಫಿ, ಊರಿಂದ ಬಂದವರು ಬಿಟ್ಟುಹೋದ ಮೂರು ತಿಂಗಳ ಹಿಂದಿನ ವಾರಪತ್ರಿಕೆ, ಕಿಟಕಿಯಾಚೆ ಬಿಳಿ ಇಳಿಜಾರು. ಅವಳದು ಕೆಂಪು ಹೆಲ್ಮೆಟ್ಟು. ಗುರುತು ಸಿಗಲಿ ಎಂದು ನಾನೇ ಆರಿಸಿ ಕೊಡಿಸಿದ್ದು. ಬೆಟ್ಟದ ತುಂಬ ನೂರಾರು ಕೆಂಪು ಹೆಲ್ಮೆಟ್ಟು. ಎಲ್ಲ ಅಪ್ಪಂದಿರೂ ನನ್ನ ಹಾಗೇ ಯೋಚಿಸಿದ್ದರು. ಕೊನೆಗೆ ಯಾವುದೋ ಒಂದನ್ನು ಇದೇ ನನ್ನದು ಎಂದು ನಿಶ್ಚಯಿಸಿ, ಅದು ಬಿದ್ದಾಗ ಹೌಹಾರಿ, ಎದ್ದಾಗ ಉಸಿರು ಬಿಟ್ಟು ಎರಡು ಗಂಟೆ ಕಳೆಯುತ್ತಿದ್ದೆ. ಊಟದ ಹೊತ್ತಿಗೆ ನನ್ನ ಮಗಳು ಬೇರೆ ದಿಕ್ಕಿನಿಂದ ಬರುತ್ತಿದ್ದಳು. ಹಾಗೆ ಯಾರ ಯಾರ ಮಕ್ಕಳಿಗಾಗಿ ನಾನು ಜೀವ ಬಿಗಿಹಿಡಿದಿದ್ದೇನೋ ಲೆಕ್ಕವಿಲ್ಲ.

ಇಲ್ಲಿ ಚಿಕ್ಕ ಮಕ್ಕಳಿಗೆ ಸ್ಕೀ ಕಲಿಸುವ ಮಂತ್ರ ಎರಡೇ. ಎರಡು ಹಲಗೆಗಳ ಮೂತಿ ಒಂದರ ಹತ್ತಿರ ಒಂದು ತಂದು ಹಿಂಭಾಗ ಅಗಲಿಸಿದರೆ 'ಪಿಜ್ಜಾ'. ವೇಗ ತಗ್ಗುತ್ತದೆ. ಎರಡನ್ನೂ ಸಮಾನಾಂತರ ಇಟ್ಟರೆ 'ಫ್ರೆಂಚ್ ಫ್ರೈ'. ಜಾರಿಕೊಂಡು ಹೋಗುತ್ತೀರಿ. ಮೊದಲ ವರ್ಷ ನಾನೂ ಬೇಲಿಯ ಪಕ್ಕ ಎಡವುತ್ತ ಓಡುತ್ತ, "ಪಿಜ್ಜಾ ಮಾಡು ಪುಟ್ಟೀ, ಪಿಜ್ಜಾ ಮಾಡು!" ಎಂದು ಕೂಗಿದ್ದೆ. ಆಮೇಲೆ ಕೂಗುವ ಅಗತ್ಯ ಬೀಳಲಿಲ್ಲ. ಹದಿನಾರಕ್ಕೆ ಡ್ರೈವಿಂಗ್ ಲೈಸೆನ್ಸ್ ಬಂತು, ಗೆಳತಿಯರ ಜೊತೆ ತಾನೇ ಹೋಗತೊಡಗಿದಳು. ಹದಿನೆಂಟಕ್ಕೆ ಕಾಲೇಜು ಎಂದು ಯೂಟಾಕ್ಕೆ ಹೊರಟಳು. ಕಾಲೇಜು ಆರಿಸಿದ್ದು ಓದಿಗೋ ಹಿಮಕ್ಕೋ ಎಂದು ನಾನು ಕೇಳಲಿಲ್ಲ. ಹೆಂಡತಿ ಕೇಳಿದಳು, ಉತ್ತರ ಬರಲಿಲ್ಲ.

ಮನೆ ಖಾಲಿಯಾದ ಮೇಲಿನ ಮೊದಲ ಚಳಿಗಾಲ, ಶನಿವಾರ ಐದೂವರೆಗೆ ಎಚ್ಚರವಾಗುತ್ತಿತ್ತು. ಹೋಗಲು ಎಲ್ಲಿಗೂ ಇಲ್ಲ. ಇನ್ನೇನು ಮಾಡುವುದು ಎಂದು ನಲವತ್ತೆಂಟನೆಯ ವಯಸ್ಸಿನಲ್ಲಿ ನಾನೇ ತರಗತಿಗೆ ಸೇರಿದೆ. ಸಹಪಾಠಿಗಳಲ್ಲಿ ಅರ್ಧದಷ್ಟು ಜನಕ್ಕೆ ಮುಂದಿನ ಹಲ್ಲು ಬಿದ್ದಿತ್ತು. ಬಿದ್ದದ್ದು ಸ್ಕೀ ಮಾಡಿ ಅಲ್ಲ, ವಯಸ್ಸೇ ಅಂಥದ್ದು. ಎರಡು ಚಳಿಗಾಲ ಹಾಗೂ ಹೀಗೂ ಹೆಣಗಿ ಪಿಜ್ಜಾ ಹಿಡಿತಕ್ಕೆ ಬಂತು. ಅದನ್ನು ಮಗಳಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ಹಾಗಾದ್ರೆ ಡಿಸೆಂಬರಿಗೆ ಬಂದಾಗ ಸ್ಕೈಲೈನ್ ಲೇಕಿಗೆ ಕರ್ಕೊಂಡು ಹೋಗ್ತೀನಿ. ಬ್ಯಾಕ್‌ಕಂಟ್ರಿ. ಬಿಗಿನರ್ಸ್‌ಗೆ ಅಂತಾನೇ ಇರೋದು ಅಪ್ಪ."

ಬ್ಯಾಕ್‌ಕಂಟ್ರಿ ಎಂದರೆ ನಮ್ಮ ಲೆಕ್ಕದಲ್ಲಿ ಹಿತ್ತಲು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಿತ್ತಲಿನ ದಣಪೆ ದಾಟಿದರೆ ಕಾಡು. ಮುಂಬಾಗಿಲಿಗೆ ರಸ್ತೆ, ಬಸ್ಸು, ಕಂಡಕ್ಟರ್ ಎಲ್ಲ ಉಂಟು. ಹಿತ್ತಲಲ್ಲಿ ನೀವುಂಟು, ಉಂಬಳ ಉಂಟು. ಇಲ್ಲೂ ಹಾಗೇ. ರೆಸಾರ್ಟಿನಲ್ಲಿ ಕುರ್ಚಿ ಬಂದು ನಿಮ್ಮನ್ನು ಎತ್ತಿಕೊಂಡು ಮೇಲೆ ಬಿಡುತ್ತದೆ. ರಾತ್ರಿಯೆಲ್ಲ ಯಂತ್ರ ಓಡಿಸಿ ಹಿಮವನ್ನು ಬಾಚಿ ಜಡೆ ಹಾಕಿಟ್ಟಿರುತ್ತಾರೆ. ಕುಸಿಯುವ ಹಿಮವಿದ್ದರೆ ಜನ ಬರುವ ಮೊದಲೇ ಸಿಡಿಮದ್ದು ಹಾಕಿ ಕೆಡವಿರುತ್ತಾರೆ. ಬಿದ್ದರೆ ಎತ್ತಲು ಆಳುಂಟು. ಹಿತ್ತಲ ಕಡೆ ಇದಾವುದೂ ಇಲ್ಲ. ನಿಮ್ಮ ಕಾಲಿಂದ ನೀವೇ ಹತ್ತಬೇಕು, ಹತ್ತಿದ್ದಕ್ಕೆ ನೀವೇ ಇಳಿಯಬೇಕು, ಬಿದ್ದರೆ ಜೊತೆಗೆ ಬಂದವರೇ ಗತಿ.

ನನ್ನನ್ನು ಒಪ್ಪಿಸಿದ ಮಾತು ಬೇರೆಯದೇ. "ಲಿಫ್ಟ್ ಟಿಕೆಟ್ ಬೇಡ ಅಪ್ಪ, ಫ್ರೀ."

ಹತ್ತಿಸುವುದಕ್ಕೆ ದುಡ್ಡು ತೆಗೆದುಕೊಂಡು ಇಳಿಯುವುದನ್ನು ಬಿಟ್ಟಿ ಕೊಡುವ ವ್ಯವಹಾರ ನನಗೆ ಎಂದೂ ಜೀರ್ಣವಾದದ್ದಲ್ಲ. ಫ್ರೀ ಎಂದ ಕೂಡಲೇ ಹೂಂ ಅಂದೆ. ಆಮೇಲೆ ಗೊತ್ತಾಯಿತು: ಹಗುರ ಸ್ಕೀ ಬಾಡಿಗೆ, ನಡೆಯಲು ಬರುವ ಬೂಟು ಬಾಡಿಗೆ, ಸ್ಕಿನ್ನು, ಬೀಕನ್ನು, ಮಡಚುವ ಸಲಿಕೆ, ಹಿಮಕ್ಕೆ ಚುಚ್ಚಿ ನೋಡುವ ಎಂಟಡಿ ಕೋಲು. ಬಿಟ್ಟಿ ಸಿಕ್ಕಿದ್ದಕ್ಕೆ ನಾನು ತೆತ್ತ ಹಣದಲ್ಲಿ ಊರಲ್ಲಿ ಒಂದು ಸತ್ಯನಾರಾಯಣ ಪೂಜೆ, ಊಟ ಸಹಿತ, ಆಗುತ್ತಿತ್ತು.

ಈ ಸ್ಕಿನ್ನಿನ ವಿಷಯ ಸ್ವಲ್ಪ ಹೇಳಬೇಕು. ನುಣ್ಣಗಿನ ಹಲಗೆ ಕಟ್ಟಿಕೊಂಡು ಗುಡ್ಡ ಹತ್ತುವುದು ಹೇಗೆ? ಹಿಂದಿನವರು ಹಲಗೆಯ ಅಡಿಗೆ ಸೀಲ್ ಎಂಬ ಕಡಲ ಪ್ರಾಣಿಯ ತೊಗಲು ಕಟ್ಟುತ್ತಿದ್ದರಂತೆ. ಹೆಸರು ಹಾಗೇ ಉಳಿದಿದೆ. ಈಗ ನೈಲಾನು, ಇಲ್ಲವೇ ಅಂಗೋರಾ ಮೇಕೆಯ ಕೂದಲು. ಎಮ್ಮೆ ಕರುವಿನ ಬೆನ್ನು ಸವರಿದವರಿಗೆ ಅದರ ಮರ್ಮ ತಿಳಿಯುತ್ತದೆ. ಬಾಲದ ಕಡೆಗೆ ಕೈ ಎಳೆದರೆ ನುಣುಪು, ತಲೆಯ ಕಡೆಗೆ ಎಳೆದರೆ ತರಕಲು. ಮುಂದಕ್ಕೆ ತಳ್ಳಿದರೆ ಸ್ಕೀ ಜಾರುತ್ತದೆ, ಹಿಂದಕ್ಕೆ ಜಾರಲು ಹೋದರೆ ಕೂದಲು ಹಿಮಕ್ಕೆ ಕಚ್ಚಿ ನಿಲ್ಲುತ್ತದೆ. ಇನ್ನೊಂದು ಮೈಯಲ್ಲಿ ಅಂಟು. ಎಂಥ ಅಂಟೆಂದರೆ, ಎರಡು ಪಟ್ಟಿಯನ್ನು ಒಂದಕ್ಕೊಂದು ಅಂಟಿಸಿ ಮಡಚಿಟ್ಟದ್ದನ್ನು ಬಿಡಿಸಲು ಒಂದು ತುದಿ ಕಾಲಡಿ ಮೆಟ್ಟಿ ಇನ್ನೊಂದನ್ನು ಎರಡೂ ಕೈಯಲ್ಲಿ ಜಗ್ಗಬೇಕು. ಹಾಗಿದ್ದೂ ಹಲಗೆಯಿಂದ ಕಿತ್ತರೆ ಒಂದು ಚೂರೂ ಹತ್ತಿಕೊಂಡಿರುವುದಿಲ್ಲ. ಹಲಸಿನ ಮೇಣ ಕೈಗಂಟಿ, ಕೊಬ್ಬರಿಎಣ್ಣೆ ತಿಕ್ಕಿ ತಿಕ್ಕಿ ಸುಸ್ತಾದ ಕೈ ನನ್ನದು. ಹಿಡಿಯಬೇಕಾದಾಗ ಹಿಡಿದು, ಬಿಡಬೇಕಾದಾಗ ಗುರುತಿಲ್ಲದೆ ಬಿಡುವ ಇಂಥ ಮೇಣ ಯಾರು ಕಂಡುಹಿಡಿದರೋ, ಅವರಿಗೆ ನಮಸ್ಕಾರ.

ಅಭ್ಯಾಸಕ್ಕೆಂದು ಮನೆಯಲ್ಲಿ ಅಂಟಿಸಿ ಕಿತ್ತು ಮೆಟ್ಟಿಲ ಕಂಬಿಗೆ ನೇತುಹಾಕಿದ್ದೆ. "ಏನ್ರೀ ಇದು?" ಅಂದಳು ಹೆಂಡತಿ. "ಸ್ಕಿನ್ನು" ಅಂದೆ. "ದೇವರ ಮನೆ ಪಕ್ಕ ಚರ್ಮ ಒಣಗಿಸ್ತಾರಾ ಯಾರಾದ್ರೂ?" ನೈಲಾನ್ ಎಂದು ಚೀಟಿ ತೋರಿಸಿದ ಮೇಲೂ ಅದು ಗ್ಯಾರೇಜಿಗೆ ಹೋಯಿತು.

ಹೊರಡುವ ಹಿಂದಿನ ಸಂಜೆ ಅಮ್ಮನಿಗೆ ಫೋನು. ನಮ್ಮ ಪತ್ರಿಕೆಗಳು ಹಿಮ ಬಿದ್ದರೂ ಹಿಮಪಾತ ಎನ್ನುತ್ತವೆ, ಹಿಮದ ರಾಶಿಯೇ ಕಳಚಿ ಊರಿನ ಮೇಲೆ ಬಿದ್ದರೂ ಹಿಮಪಾತ ಎನ್ನುತ್ತವೆ. ಹಾಗಾಗಿ ಅವಲಾಂಚ್ ಎಂದರೇನೆಂದು ಹೇಳಲು ನಾನು ಹೆಣಗಾಡಿದೆ. ಕೊನೆಗೆ, "ಧರೆ ಜರಿಯುತ್ತಲ್ಲ ಅಮ್ಮ, ಹಾಗೆ. ಮಣ್ಣಿನ ಬದಲು ಹಿಮ" ಎಂದೆ. ಮಳೆಗಾಲದಲ್ಲಿ ಧರೆ ಜರಿದದ್ದನ್ನು ಕಾಣದ ಮಲೆನಾಡಿನವರಿಲ್ಲ. ತಕ್ಷಣ ಅರ್ಥವಾಯಿತು.

"ಹಂಗಾರೆ ಮರ ಇರೋ ಬದೀಲೇ ಹೋಗಿ ಮಾರಾಯ. ಬೋಳು ಜಾಗಕ್ಕೆ ಹೋಗ್ಬೇಡಿ. ಅದ್ಸರಿ, ನಾಳೆ ಶನಿವಾರ. ಯಾವ ದಿಕ್ಕು?"

"ಪೂರ್ವ."

"ಶನಿವಾರ ಪೂರ್ವಕ್ಕೆ ಶೂಲೆ ಕಣೋ!"

ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಅದೇ ಹೊತ್ತಿಗೆ ತನ್ನ ಪಂಚಾಂಗ ನೋಡುತ್ತಿದ್ದಳು. ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಎಂಬುದೊಂದಿದೆ. ಚಳಿಗಾಲದಲ್ಲಿ ದಿನಾ ಸಂಜೆ ನಾಳೆಯ ಭವಿಷ್ಯ ಬರೆಯುತ್ತದೆ. ಅಪಾಯಕ್ಕೆ ಒಂದರಿಂದ ಐದರವರೆಗೆ ಅಂಕ. ಜೊತೆಗೆ ಎಂಟು ದಿಕ್ಕಿನ ಒಂದು ಚಕ್ರ, ಯಾವ ಎತ್ತರದಲ್ಲಿ ಯಾವ ದಿಕ್ಕಿನ ಇಳಿಜಾರು ನಾಳೆ ಕೆಟ್ಟದ್ದು ಎಂದು ತೋರಿಸಲು. "ಮೇಲೆ ನಾರ್ತ್ ಮತ್ತು ನಾರ್ತ್‌ಈಸ್ಟ್ ಬೇಡ ಅಪ್ಪ, ಗಾಳಿ ಹಿಮ ತಂದು ಸುರಿದಿದೆ. ಮೂವತ್ತು ಡಿಗ್ರಿಗಿಂತ ಕಡಿದಾದ ಕಡೆ ಕಾಲೇ ಇಡೋದಿಲ್ಲ. ನಾಳೆ ಲೆವೆಲ್ ಟೂ." ಅಜ್ಜಿಯದು ವಾರಶೂಲೆ, ಮೊಮ್ಮಗಳದು ದಿಕ್ಕಿನ ಚಕ್ರ. ಎರಡೂ ಕಡೆಯವರ ಅಪ್ಪಣೆ ಕೇಳಿ ಹೊರಡುವ ನಡುವಯಸ್ಸಿನವನು ನಾನು. ಶೂಲೆಗೆ ಪರಿಹಾರವಾಗಿ ಒಂದು ಚಮಚ ಮೊಸರು ತಿಂದು ಹೊರಡುವುದೆಂದು ತೀರ್ಮಾನವಾಯಿತು. ಇಳಿಜಾರಿಗೆ ಪರಿಹಾರ ಇರಲಿಲ್ಲ, ಆ ಕಡೆ ಹೋಗದಿರುವುದೇ ಪರಿಹಾರ.

ಹೆದ್ದಾರಿ 2 ನನಗೆ ಬಾಯಿಪಾಠ. ಮನ್ರೋ, ಸುಲ್ತಾನ್, ಆಮೇಲೆ ಸ್ಟಾರ್ಟಪ್. ಹೌದು, ಊರಿನ ಹೆಸರೇ ಅದು. ಮರದ ವ್ಯಾಪಾರದ ಕಾಲದ ಸ್ಟಾರ್ಟಪ್ ಎಂಬೊಬ್ಬರ ಹೆಸರು ಅದಕ್ಕೆ. ನಮ್ಮ ಸಾಫ್ಟ್‌ವೇರಿನವರೆಲ್ಲ ಆ ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಬಂಡವಾಳ ಹೂಡಲು ಬಂದವರನ್ನು ಮಾತ್ರ ನಾನು ಕಂಡಿಲ್ಲ. ಅದರಾಚೆ ಗೋಲ್ಡ್ ಬಾರ್, ಸ್ಕೈಕೋಮಿಶ್, ಮತ್ತೆ ಘಟ್ಟ. ಆಗುಂಬೆ ಘಾಟಿಯ ಮಿಡಿಬಸ್ಸಿನಲ್ಲಿ ವಾಂತಿ ಮಾಡುತ್ತ ಬೆಳೆದವನಿಗೆ ಈ ರಸ್ತೆ ಹಾಸಿದ ಚಾಪೆ.

ಘಟ್ಟದ ನೆತ್ತಿ 4,061 ಅಡಿ. ಗ್ರೇಟ್ ನಾರ್ದರ್ನ್ ರೈಲ್ವೆಗೆ ಈ ದಾರಿ ಹುಡುಕಿಕೊಟ್ಟ ಜಾನ್ ಸ್ಟೀವನ್ಸ್ ಮುಂದೆ ಪನಾಮಾ ಕಾಲುವೆಯ ಮುಖ್ಯ ಎಂಜಿನಿಯರ್ ಆದರು. ರೈಲೇನೋ ಬಂತು. ನೆತ್ತಿ ಸೇರುವ ಮುಂಚೆ ಎಡಕ್ಕೆ ಒಂದು ಹಳೆಯ ರಸ್ತೆ ಒಡೆಯುತ್ತದೆ. ಆ ಕಡೆ ವೆಲ್ಲಿಂಗ್‌ಟನ್ ಎಂಬ ರೈಲು ಠಾಣ್ಯ ಇತ್ತು. 1910ರ ಫೆಬ್ರುವರಿ ಕೊನೆಯಲ್ಲಿ ಎಡೆಬಿಡದ ಹಿಮಕ್ಕೆ ಎರಡು ರೈಲು ಅಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದವು. ಮಾರ್ಚ್ 1ರ ಮಧ್ಯರಾತ್ರಿ ಕಳೆದ ಮೇಲೆ ಗುಡುಗು ಸಿಡಿಲಿನ ಮಳೆ ಬಂತು, ಮೇಲಿನ ಗುಡ್ಡದ ಹಿಮ ಕಳಚಿ ರೈಲುಗಳನ್ನು ಕೆಳಗಿನ ಕಣಿವೆಗೆ ನೂಕಿತು. 96 ಜನ ಸತ್ತರು. ಅಮೆರಿಕದಲ್ಲಿ ಅಷ್ಟು ಜನರನ್ನು ತೆಗೆದ ಹಿಮಕುಸಿತ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಠಾಣ್ಯದ ಮೇಲಿನ ಆ ಇಳಿಜಾರು ಸುಟ್ಟು, ಕಡಿದು ಬೋಳಾಗಿತ್ತು. ನನಗೆ ಅಮ್ಮನ ಮಾತು ನೆನಪಾಯಿತು. ಮಗಳಿಗೆ ಈ ಕಥೆಯನ್ನು ಅವಳ ಆರನೇ ವಯಸ್ಸಿನಿಂದ ಹೇಳುತ್ತ ಬಂದಿದ್ದೇನೆ. ಈ ಸಲವೂ ಬಾಯಿ ತೆರೆದೆ. "ಗೊತ್ತು ಅಪ್ಪ, ಊರಿನ ಹೆಸರನ್ನೇ ಟೈ ಅಂತ ಬದಲಾಯಿಸಿದ್ರು" ಎಂದು ಅವಳೇ ಮುಗಿಸಿದಳು.

ರೆಸಾರ್ಟು ಇರುವುದು ರಸ್ತೆಯ ದಕ್ಷಿಣಕ್ಕೆ. ಉತ್ತರಕ್ಕೂ ಕಾರು ನಿಲ್ಲಿಸುವ ಜಾಗವಿದೆ. ಹತ್ತು ವರ್ಷ ಎಷ್ಟೋ ಸಲ ಅಲ್ಲಿಯೇ ಕಾರು ನಿಲ್ಲಿಸಿ, ಅವಳ ಸ್ಕೀ ಹೆಗಲಿಗೇರಿಸಿ ದಕ್ಷಿಣಕ್ಕೆ ದಾಟಿದ್ದೇನೆ. ಬೆನ್ನ ಹಿಂದೆ ಒಂದು ಗುಡ್ಡವಿದೆ, ಅದನ್ನೂ ಜನ ಹತ್ತುತ್ತಾರೆ ಎಂದು ತಿರುಗಿ ನೋಡಿದವನಲ್ಲ. ಈವತ್ತು ಅವಳು ಕಾರಿನಿಂದ ಇಳಿದು ದಕ್ಷಿಣಕ್ಕೆ ಬೆನ್ನು ಹಾಕಿದಳು.

ನನ್ನ ಬೂಟಿನ ಕೊಂಡಿ ಬಿಗಿಯಲು ಬಗ್ಗಿದರೆ ಹೊಟ್ಟೆ ಅಡ್ಡ ಬಂತು. "ಬಿಡು ಅಪ್ಪ" ಎಂದು ಅವಳೇ ಹಿಮದ ಮೇಲೆ ಮಂಡಿಯೂರಿದಳು. ನಾಲ್ಕೂ ಕೊಂಡಿ ಬಿಗಿದು ಎದ್ದಳು. "ಸೂಸೂ?" ಎಂದು ಕೇಳಿದಳು, ಮುಖದಲ್ಲಿ ನಗು ಇಲ್ಲದೆ.

ಹೊರಡುವ ಮೊದಲು ಬೀಕನ್ ಪರೀಕ್ಷೆ. ಅಂಗೈಗಿಂತ ಸ್ವಲ್ಪ ದೊಡ್ಡ ಡಬ್ಬಿ, ಜಾಕೆಟ್ಟಿನ ಒಳಗೆ ಎದೆಗೆ ಕಟ್ಟಿಕೊಳ್ಳಬೇಕು. ದಿನವಿಡೀ ಅದು ಒಂದೇ ಸಮನೆ ಸುದ್ದಿ ಕಳಿಸುತ್ತಿರುತ್ತದೆ, ಇಲ್ಲಿದ್ದೇನೆ, ಇಲ್ಲಿದ್ದೇನೆ ಎಂದು. ಯಾರದೇ ಕಂಪನಿಯದಾಗಲಿ, ಎಲ್ಲವೂ 457 ಕಿಲೋಹರ್ಟ್ಸಿನಲ್ಲಿ. ನಮ್ಮ ಕಾಲದ ಭದ್ರಾವತಿ ಆಕಾಶವಾಣಿ 675ರಲ್ಲಿ ಬರುತ್ತಿತ್ತು. ಮುಳ್ಳನ್ನು ಸ್ವಲ್ಪ ಎಡಕ್ಕೆ ತಿರುಗಿಸಿದ್ದರೆ ಸಿಗುವ ನಿಲಯವೇ ಎಂದು ತಮಾಷೆ ಮಾಡಿದೆ. ಅವಳಿಗೆ ರೇಡಿಯೋದ ಮುಳ್ಳು ಗೊತ್ತಿಲ್ಲ. ಹಿಮದಡಿ ಯಾರಾದರೂ ಹೂತುಹೋದರೆ ಉಳಿದವರು ತಮ್ಮ ಡಬ್ಬಿಯನ್ನು ಹುಡುಕುವ ಕಡೆಗೆ ತಿರುಗಿಸಬೇಕು. ಹತ್ತು ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಬದುಕುವವರೇ ಹೆಚ್ಚು, ತಡವಾದಷ್ಟೂ ಆಸೆ ಕಡಿಮೆ. ಸಹಾಯಕ್ಕೆ ಕೆಳಗಿನಿಂದ ಜನ ಬರುವಷ್ಟು ಹೊತ್ತಿಲ್ಲ. "ಅದಕ್ಕೇ ನಿನಗೂ ಹುಡುಕೋದು ಬರಬೇಕು. ನಾನೇ ಒಳಗಿದ್ರೆ?" ಅಂದಳು. ತಮಾಷೆ ಅಲ್ಲಿಗೆ ನಿಂತಿತು.

ಚಳಿ ಎಂದು ನಾನು ಒಂದರ ಮೇಲೊಂದು ನಾಲ್ಕು ಅಂಗಿ, ಮೇಲೆ ಜಾಕೆಟ್ಟು, ಹೆಲ್ಮೆಟ್ಟಿನ ಅಡಿಗೆ ಮಂಕಿ ಕ್ಯಾಪು ಹಾಕಿದ್ದೆ. ಹೊರಡುವಾಗ ಚಳಿಯಾಗುತ್ತಿರಬೇಕು, ಬೆಚ್ಚಗಿದ್ದರೆ ತಪ್ಪು ಎಂದು ಅವಳು. ಚಳಿಯಾಗಲಿ ಎಂದು ಬಟ್ಟೆ ಬಿಚ್ಚುವುದು ನನ್ನ ಬುದ್ಧಿಗೆ ಒಗ್ಗಲಿಲ್ಲ. ಹದಿನೈದು ನಿಮಿಷ ಹತ್ತುವುದರೊಳಗೆ ಕಿವಿಯಿಂದ ಹಬೆ ಬರುತ್ತಿತ್ತು. ಬಾಳೆದಿಂಡು ಸುಲಿದ ಹಾಗೆ ಒಂದೊಂದೇ ಪದರ ಕಳಚಿ, ಕೊನೆಗೆ ಬನಿಯನ್ನಿನ ಹತ್ತಿರ ಬಂದು ನಿಂತೆ. ಎಪ್ಪತ್ತು ದಾಟಿದ ಹೆಂಗಸೊಬ್ಬರು ನಾಯಿಯೊಡನೆ ಸ್ಕೀ ಮೇಲೆ ನಮ್ಮನ್ನು ದಾಟಿ ಹೋದರು. "ಒಳ್ಳೆಯ ಬೆಳಗು" ಎಂದಷ್ಟೇ ಹೇಳಿದರು. ನಾಯಿ ನನ್ನ ಕಡೆ ಇನ್ನಷ್ಟು ಹೊತ್ತು ನೋಡಿತು.

ಸ್ಕೈಲೈನ್ ಲೇಕಿಗೆ ಒಟ್ಟು ಏರು ಸುಮಾರು 1,100 ಅಡಿ, ಹೋಗಿಬರಲು ಮೂರು ಮೈಲು. ಮೊದಮೊದಲು ಮರಗಳ ನಡುವೆ ಅಗಲವಾದ ದಾರಿ, ಉಸಿರು ಹಿಡಿಸುವಂಥದು. ಕಾಲು ಎತ್ತಬಾರದು, ತಳ್ಳಬೇಕು. ಬೂಟಿನ ಮೂತಿ ಎರಡು ಮೊಳೆಗಳ ನಡುವೆ ಸಿಕ್ಕಿಕೊಂಡು ಹಿಮ್ಮಡಿ ಬಿಡುವಾಗಿರುತ್ತದೆ. 1980ರ ದಶಕದಲ್ಲಿ ಫ್ರಿಟ್ಸ್ ಬಾರ್ಟೆಲ್ ಎಂಬ ಆಸ್ಟ್ರಿಯಾದವರು ಭಾರದ ಸಾಮಾನು ಹೊತ್ತು ಬೇಸತ್ತು ಮಾಡಿದ ಉಪಾಯವಂತೆ. ಒಂದು ಹೆಜ್ಜೆಗೆ ಇಷ್ಟಿಷ್ಟು ಕಬ್ಬಿಣ ಎತ್ತುವುದು ಉಳಿದರೆ ಸಾವಿರ ಹೆಜ್ಜೆಗೆ ಎಷ್ಟಾಯಿತು ಎಂದು ಕೂಡಿಸಿ ನೋಡುವ ಅಂಥವರನ್ನು ಕಂಡರೆ ನನಗೆ ಊರಿನ ಅಡಿಕೆ ಮಂಡಿಯ ಲೆಕ್ಕದವರು ನೆನಪಾಗುತ್ತಾರೆ. ಸದ್ದು ಸರ್ರ್, ಸರ್ರ್. ಅಮ್ಮ ಜಗಲಿಯ ಮೇಲೆ ಕೂತು ತೆಂಗಿನ ಗರಿಯ ಕಡ್ಡಿ ಸವರುವಾಗ ಬರುತ್ತಿದ್ದಂಥದೇ ಸದ್ದು.

ಕಡಿದು ಹೆಚ್ಚಾದಾಗ ಅಡ್ಡಡ್ಡ ಹತ್ತಿ ತಿರುಗಬೇಕು. ಆ ತಿರುವಿಗೆ ಕಿಕ್ ಟರ್ನ್ ಎಂದು ಹೆಸರು. ಮೇಲಿನ ಕಾಲನ್ನು ಎತ್ತಿ, ಆರಡಿ ಹಲಗೆ ಸಮೇತ ಪೂರ್ತಿ ಹಿಂದುಮುಂದಾಗಿ ತಿರುಗಿಸಿ ಊರಬೇಕು. ಆಗ ಒಂದು ಪಾದ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಆ ಭಂಗಿಯಿಂದ ಎರಡನೆಯ ಕಾಲನ್ನು ಹಿಮ್ಮಡಿ ಒದ್ದು ಎಳೆದು ತರಬೇಕು. ಮೊದಲರ್ಧ ಮಾಡಿದೆ. ಎರಡನೆಯ ಅರ್ಧ ಹೊಳೆಯಲಿಲ್ಲ. ಮೇಳದ ಆಟದಲ್ಲಿ ಭಾಗವತರು ಪದ ಮರೆತಾಗ ವೇಷಧಾರಿ ಕಾಲೆತ್ತಿದಲ್ಲೇ ನಿಲ್ಲುವುದುಂಟಲ್ಲ, ಹಾಗೆ ನಿಂತೆ. ಮೇಲಿನ ತಿರುವಿನಿಂದ ಮಗಳು, "ಒದಿ ಅಪ್ಪ, ಒದಿ" ಅಂದಳು. ಒದ್ದೆ. ಹಲಗೆಯ ಬಾಲ ಹಿಮಕ್ಕೆ ಸಿಕ್ಕಿತು, ನಾನು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಪಕ್ಕಕ್ಕೆ ಒರಗಿದೆ.

ಬಿದ್ದು ಮಲಗಿದಲ್ಲಿಂದ ರಸ್ತೆಯಾಚೆಯ ರೆಸಾರ್ಟು ಪೂರ್ತಿ ಕಂಡಿತು. ಕುರ್ಚಿಗಳು ಸಾಲಾಗಿ ಮೇಲೇರುತ್ತಿದ್ದವು. ಇಳಿಜಾರಿನ ತುಂಬ ಚುಕ್ಕೆಚುಕ್ಕೆ ಮಕ್ಕಳು, ಇಷ್ಟು ದೂರದಿಂದ ಯಾರ ಹೆಲ್ಮೆಟ್ಟಿಗೂ ಬಣ್ಣವಿಲ್ಲ. ಬುಡದಲ್ಲಿ ಕಾರುಗಳು. ಅವುಗಳೊಳಗೆ ಫ್ಲಾಸ್ಕು ಹಿಡಿದು ಕೂತವರು ಇದ್ದೇ ಇರುತ್ತಾರೆ.

ಎರಡೂವರೆ ಗಂಟೆಗೆ ಕೆರೆ ತಲುಪಿದೆವು. ಮಗಳಿಗಾದರೆ ಮುಕ್ಕಾಲು ಗಂಟೆ ಸಾಕು, ಅವಳು ಹೇಳಲಿಲ್ಲ. ಕೆರೆ ಎಂದರೆ ಕೆರೆ ಕಾಣುವುದಿಲ್ಲ. ಹೆಪ್ಪುಗಟ್ಟಿ, ಮೇಲೆ ಹಿಮ ಕೂತು, ಒಂದು ಚಪ್ಪಟೆ ಅಂಗಳ ಅಷ್ಟೆ. ಸುತ್ತ ಹಿಮ ಹೊತ್ತು ಬಗ್ಗಿದ ಹೆಮ್‌ಲಾಕ್ ಮರಗಳು, ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಹೊರಟ ಹೆಂಗಸರ ಹಾಗೆ. ಬುತ್ತಿ ಬಿಚ್ಚಿದೆವು. ಚಟ್ನಿಪುಡಿ ಸುತ್ತಿದ ಚಪಾತಿ ರಟ್ಟಾಗಿತ್ತು. ಕೋಡುಬಳೆಗೆ ಮಾತ್ರ ಏನೂ ಆಗಿರಲಿಲ್ಲ. ಅದು ಎಲ್ಲ ಹವಾಮಾನದಲ್ಲೂ ಅಷ್ಟೇ ಗಟ್ಟಿ. ಒಂದು ಬೂದು ಬಣ್ಣದ ಜೇ ಹಕ್ಕಿ ಎಲ್ಲಿಂದಲೋ ಬಂದು, ಕೇಳದೆ ಬೆದರದೆ, ನನ್ನ ಕೈಯಿಂದ ಒಂದು ಚೂರು ಕಿತ್ತುಕೊಂಡು ಹೋಯಿತು. ಅಪ್ಪನ ತಿಥಿಗೆ ಊರಿಗೆ ಹೋದಾಗ ಪಿಂಡಕ್ಕೆ ಕಾಗೆ ಬಾರದೆ ಒಂದು ಗಂಟೆ ಕಾಯಿಸಿತ್ತು.

ನನ್ನಪ್ಪ ಹಿಮ ಕಂಡವನಲ್ಲ. ಜಾರುವುದು ಮಾತ್ರ ಅವನೇ ಕಲಿಸಿದ್ದು. ಬೇಸಗೆಯಲ್ಲಿ ಬ್ಯಾಣದ ಹುಲ್ಲು ಒಣಗಿ ಎಣ್ಣೆ ಹಚ್ಚಿದ ಹಾಗಾಗುತ್ತದೆ. ತೋಟದಿಂದ ಅಗಲವಾದ ಅಡಿಕೆ ಹಾಳೆ ಆರಿಸಿ ತಂದು, ಮೇಲೆ ನನ್ನನ್ನು ಕೂರಿಸಿ, ಸೋಗೆಯ ತುದಿ ಹಿಡಿದುಕೋ ಎಂದು ಹೇಳಿ ಬೆನ್ನಿಗೆ ಒಂದು ನೂಕು. ಆಮೇಲೆ ತಾನೂ ಪಕ್ಕದಲ್ಲಿ ಪಂಚೆ ಎತ್ತಿ ಕಟ್ಟಿ ಓಡಿಬರುತ್ತಿದ್ದ, ಏನೋ ಕೂಗುತ್ತ. ಏನು ಕೂಗುತ್ತಿದ್ದ ಎಂಬುದು ಮರೆತುಹೋಗಿದೆ.

"ಈಗ ನೀನು ಆ ಕಡೆ ತಿರುಗು" ಅಂದಳು ಮಗಳು. ತಿರುಗಿದೆ. ಬೀಕನ್ ಒಂದನ್ನು ಚೀಲಕ್ಕೆ ಹಾಕಿ ಎಲ್ಲೋ ಹೂತು ಬಂದಳು. "ಹುಡುಕು."

ಡಬ್ಬಿಯನ್ನು ತಿರುಗಿಸಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಅತ್ತಿತ್ತ ನಡೆದ ಮೇಲೆ ಪೀಂ ಎಂದು 38 ತೋರಿಸಿತು, ಜೊತೆಗೆ ಒಂದು ಬಾಣ. ಬಾಣದ ಕಡೆ ಹೋದೆ. 31. 26. ಮತ್ತೆ 29. ಬಾಣ ನೇರವಾಗಿ ಕರೆದೊಯ್ಯುವುದಿಲ್ಲ. ಕಾಂತದ ಸುತ್ತ ಕಬ್ಬಿಣದ ಪುಡಿ ಬಾಗಿ ನಿಲ್ಲುತ್ತದಲ್ಲ, ಆ ಗೆರೆಯ ಮೇಲೆಯೇ ಅದು ನಡೆಸುವುದು. ಹಾಗಾಗಿ ಎದುರಿಗೇ ಇರುವುದಕ್ಕೂ ಬಳಸಿಕೊಂಡು ಹೋಗಬೇಕು. 14. 9. "ಈಗ ನಿಧಾನ ಅಪ್ಪ, ಕೆಳಗೆ ಹಿಡಿ, ಹಿಮಕ್ಕೆ ತಾಗೋ ಹಾಗೆ." ಮಂಡಿಯೂರಿದೆ. 3. 1.8. ಡಬ್ಬಿಯನ್ನು ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಜರುಗಿಸುತ್ತ ಅತಿ ಕಡಿಮೆ ಅಂಕ ಹುಡುಕಬೇಕು. 1.1. 0.9. ಪೀಂಪೀಂಪೀಂ. ಕೋಲು ಚುಚ್ಚಿದೆ, ಇಲ್ಲ. ಒಂದು ಗೇಣು ಆಚೆ, ಇಲ್ಲ. ಮೂರನೆಯದು ಮೆತ್ತಗೆ ಯಾವುದಕ್ಕೋ ತಾಗಿ ನಿಂತಿತು. ಅದು ಗೊತ್ತಾಗುತ್ತದೆ. ಹಿಮಕ್ಕೆ ತಾಗಿದ್ದಲ್ಲ, ನೆಲಕ್ಕೆ ತಾಗಿದ್ದಲ್ಲ ಎಂದು ಕೈಗೆ ಗೊತ್ತಾಗುತ್ತದೆ. ಸಲಿಕೆ ತೆಗೆದು ಅಗೆದೆ. ಅಗೆಯುವ ಕೆಲಸ ಬಲ್ಲವನು ನಾನು, ತೋಟದ ಕಾಲುವೆ ತೆಗೆದ ಕೈ. ಹಳದಿ ಚೀಲವೊಂದು ಕಂಡಿತು. ಅವಳು ಕನ್ನಡ ಕಲಿ ತರಗತಿಗೆ ಒಯ್ಯುತ್ತಿದ್ದ ಊಟದ ಚೀಲ, ಪಟ್ಟಿಯ ಮೇಲೆ ಅವಳಮ್ಮನ ಅಕ್ಷರದಲ್ಲಿ ಹೆಸರು.

"ಹನ್ನೊಂದು ನಿಮಿಷ" ಅಂದಳು, ಗಡಿಯಾರ ನೋಡಿ. "ನಾಟ್ ಬ್ಯಾಡ್. ಇನ್ನೊಂದು ಸಲ?"

ಇನ್ನೊಂದು ಸಲ ಹುಡುಕಿದೆ. ಏಳು ನಿಮಿಷ. ಮತ್ತೊಮ್ಮೆ ಬೇಕಾ ಎಂದಳು, ಬೇಕು ಅಂದೆ. ಅವಳಿಗೆ ಆಶ್ಚರ್ಯ. ಹುಡುಕಿದರೆ ಸಿಕ್ಕೇಸಿಗುವ ವಸ್ತುವನ್ನು ಹುಡುಕುವ ಸುಖ ಎಲ್ಲ ದಿನವೂ ಸಿಗುವುದಲ್ಲ.

ಇಳಿಯುವುದರ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಸ್ಕಿನ್ ಕಿತ್ತು ಎದೆಗೆ ತುರುಕಿಕೊಂಡೆ, ಹಿಮ್ಮಡಿ ಲಾಕ್ ಮಾಡಿದೆ, ಹೊರಟೆ. ಕ್ಯಾಸ್ಕೇಡ್ ಬೆಟ್ಟಗಳ ಹಿಮಕ್ಕೆ ಇಲ್ಲಿಯವರು ಕಾಂಕ್ರೀಟು ಎನ್ನುತ್ತಾರೆ. ಸಮುದ್ರ ಹತ್ತಿರ, ತೇವ ಹೆಚ್ಚು. ಬೀಳುವುದೂ ಹಾಗೇ ಧಾರಾಳ: ಉತ್ತರದ ಮೌಂಟ್ ಬೇಕರ್ ಸ್ಕೀ ಜಾಗದಲ್ಲಿ 1998-99ರ ಒಂದೇ ಋತುವಿನಲ್ಲಿ 1,140 ಇಂಚು ಬಿದ್ದು ದಾಖಲೆಯಾಗಿದೆ. ಯೂಟಾದ ಹಿಮ ಒಣ ಅವಲಕ್ಕಿ, ನಮ್ಮದು ನೆನೆಸಿಟ್ಟ ಅವಲಕ್ಕಿ ಎಂದು ಮಗಳಿಗೆ ಹೇಳಿದೆ, ಒಪ್ಪಿದಳು. ನೆನೆದ ಅವಲಕ್ಕಿಯಲ್ಲಿ ಮೂರು ತಿರುವಿಗೆ ಮೂರು ಸಲ ಬಿದ್ದೆ. ಕಾಲು ನನ್ನ ಮಾತನ್ನೇ ಕೇಳುತ್ತಿರಲಿಲ್ಲ, ಬೂಟಿನೊಳಗೆ ಒನಕೆ ಆಡಿದ ಹಾಗೆ ಆಡುತ್ತಿತ್ತು. ನಾಲ್ಕನೆಯ ಸಲ ಅವಳು ಹತ್ತಿರ ಬಂದು ನನ್ನ ಹಿಮ್ಮಡಿ ನೋಡಿದಳು. "ಅಪ್ಪ! ವಾಕ್ ಮೋಡ್!" ನಡೆಯಲೆಂದು ಸಡಿಲ ಬಿಟ್ಟ ಬೂಟನ್ನು ಬಿಗಿಮಾಡದೆ ಅರ್ಧ ಗುಡ್ಡ ಇಳಿದಿದ್ದೆ. ಕೊಂಡಿ ತಳ್ಳಿದ ಕೂಡಲೇ ಕಾಲು ಕಾಲಾಯಿತು.

ಉಳಿದರ್ಧ ನಾನು ಇಳಿದೆ. ಮರಗಳ ನಡುವೆ, ಆಮೆಯ ವೇಗದಲ್ಲಿ, ಎರಡು ಹಲಗೆಯ ಮೂತಿ ಕೂಡಿಸಿಕೊಂಡು. ಪಕ್ಕದಲ್ಲಿ ಅವಳು, ಹಿಮ್ಮುಖವಾಗಿ ಜಾರುತ್ತ, ಎರಡೂ ಕೈ ಬೀಸುತ್ತ, ಇಡೀ ಕಣಿವೆಗೆ ಕೇಳುವ ಹಾಗೆ ಕೂಗುತ್ತಿದ್ದಳು: "ಪಿಜ್ಜಾ ಮಾಡು ಅಪ್ಪ, ಪಿಜ್ಜಾ ಮಾಡು!"

ವಾಪಸು ಬರುವಾಗ ಸುಲ್ತಾನಿನ ಹತ್ತಿರ ಎಂದಿನಂತೆ ಕಾರುಗಳು ಇರುವೆ ಸಾಲಾಗಿ ನಿಂತಿದ್ದವು. ಹಿಮದ ದಿನ ಮುಗಿಸಿದ ಇಡೀ ಸಿಯಾಟಲ್ ಒಂದೇ ರಸ್ತೆಯಲ್ಲಿ. ಪಕ್ಕದ ಸೀಟಿನಲ್ಲಿ ಅವಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಆರು ವರ್ಷದವಳಿದ್ದಾಗ ಮಲಗುತ್ತಿದ್ದದ್ದೂ ಹೀಗೇ, ಕತ್ತು ಬಾಗಿಲ ಕಡೆಗೆ ವಾಲಿಸಿ. ಆಗೆಲ್ಲ ಈ ಟ್ರಾಫಿಕ್ಕಿಗೆ ಬೈಯುತ್ತಿದ್ದೆ. ಈ ಸಲ ಮುಂದಿನ ಕಾರು ಹತ್ತಡಿ ಸರಿದರೂ ನನಗೆ ಅವಸರವಾಗಲಿಲ್ಲ. ಹಿಂದಿನವನು ಹಾರನ್ ಹೊಡೆದ.

ರಜೆ ಮುಗಿಸಿ ಅವಳು ಹೋಗಿ ನಾಲ್ಕು ದಿನಕ್ಕೆ ಫೋನು ಮಾಡಿದಳು. ಓದು, ಊಟ, ಅಲ್ಲಿಯ ಚಳಿ ಎಲ್ಲ ಆಯಿತು.

"ಸ್ಕಿನ್ ಒಣಗಿಸಿ ಮಡಚಿಟ್ಯಾ ಅಪ್ಪ?"

"ಇಟ್ಟೆ. ನಿನ್ನಮ್ಮ ನೋಡದ ಜಾಗದಲ್ಲಿ."

"ಬೀಕನ್ನು? ಬ್ಯಾಟರಿ ತೆಗೆದಿಡು. ಹಾಗೇ ಬಿಟ್ರೆ ಸೋರಿ ಹಾಳಾಗತ್ತೆ."

"ತೆಗೆದಿಟ್ಟೆ" ಅಂದೆ.

ಗ್ಯಾರೇಜಿನ ಕತ್ತಲಲ್ಲಿ, ಅವಳ ಹಳದಿ ಚೀಲದ ಪಕ್ಕ, ಅದರ ಪುಟ್ಟ ದೀಪ ಇನ್ನೂ ಮಿಣುಕುತ್ತಿತ್ತು.